ಗಾಳಿ ತುಂಬಿದ ಗಾಲಿ

ಧಾರವಾಡವು ಏರಿಳಿತಗಳ ಊರು. ಮಳೆಗಾಲದಲ್ಲಿ ಸಪ್ತಾಪುರದ ಓಣಿಗಳಲ್ಲಿ ಸೈಕಲ್ಲು ತುಳಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಕೆಸರಿನಲ್ಲಿ ಬಲವಾಗಿ ತುಳಿದಷ್ಟೂ ಹಿಂದಿನ ಗಾಲಿಯು ನಿಂತಲ್ಲಿಯೇ ಜಾರುತ್ತ ತಿರುಗುತ್ತದೆ; ಸೈಕಲ್ಲು ಮಾತ್ರ ಮುಂದೆ ಸಾಗುವುದಿಲ್ಲ. ಮುಂದಿನ ಗಾಲಿ ದಾರಿ ಹಿಡಿಯುತ್ತದೆ. ನೂಕುವ ಹೊಣೆ ಹಿಂದಿನ ಗಾಲಿಯದು. ನಮ್ಮ ಕಾಲಿನ ಬಲವೆಲ್ಲ ನೆಲವನ್ನು ಮುಟ್ಟುವುದು ಅಂಗೈಗಿಂತಲೂ ಕಿರಿದಾದ ಒಂದು ತಾಣದಲ್ಲಿ, ಗಾಲಿಯು ನೆಲಕ್ಕೆ ತಾಗುವ ಎಡೆಯಲ್ಲಿ. ಆ ಕಿರಿದಾದ ತಾಣದ ಮಹತ್ವವನ್ನು ಲೋಕಕ್ಕೆ ಮನಗಾಣಿಸಿದವನು ಯಂತ್ರಶಿಲ್ಪಿಯಲ್ಲ, ಒಬ್ಬ ಪಶುವೈದ್ಯ. ಅವನೇ ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ಪನು 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಜನಿಸಿದನು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದ್ದರಿಂದ ತನ್ನ ಮೈ ಸೂಕ್ಷ್ಮವೆಂಬ ಭಾವನೆ ಅವನಲ್ಲಿ ಕೊನೆಯವರೆಗೂ ಉಳಿಯಿತು. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ವಿದ್ಯೆಯನ್ನು ಕಲಿತು, 1867ರಲ್ಲಿ ಐರ್ಲೆಂಡಿಗೆ ಹೋದನು. ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿ, ತನ್ನ ವೃತ್ತಿಯಲ್ಲಿ ಒಳ್ಳೆಯ ಹೆಸರು ಗಳಿಸಿದನು.

ಆ ಕಾಲದ ಗಾಲಿಗಳಿಗೆ ಕಬ್ಬಿಣದ ಪಟ್ಟಿಯನ್ನೋ ಗಟ್ಟಿ ರಬ್ಬರನ್ನೋ ತೊಡಿಸುತ್ತಿದ್ದರು. ಕಲ್ಲು ಹಾಸಿದ ಬೀದಿಗಳಲ್ಲಿ ಡನ್‌ಲಪ್ಪನ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲು ಕುಲುಕಾಡುತ್ತಿತ್ತು. ತಂದೆಯು ಅದಕ್ಕೊಂದು ಪರಿಹಾರವನ್ನು ಹುಡುಕತೊಡಗಿದನು. 1887ರಲ್ಲಿ ಅವನು ತೆಳುವಾದ ರಬ್ಬರ್ ಹಾಳೆಯಿಂದ ಕೊಳವೆಯೊಂದನ್ನು ಮಾಡಿ, ಮರದ ದುಂಡನೆಯ ಹಲಗೆಯ ಅಂಚಿಗೆ ಅದನ್ನು ಬಟ್ಟೆಯ ಪಟ್ಟಿಯಿಂದ ಬಿಗಿದು, ಕಾಲ್ಚೆಂಡಿನ ಪಂಪಿನಿಂದ ಗಾಳಿ ತುಂಬಿದನು. ಬಳಿಕ ಮನೆಯ ಅಂಗಳದಲ್ಲಿ ಮಗನ ಸೈಕಲ್ಲಿನ ಗಾಲಿಯನ್ನೂ ಈ ಹೊಸ ಗಾಲಿಯನ್ನೂ ಉರುಳಿಸಿ ನೋಡಿದನು. ಹಳೆಯದು ಅಂಗಳದ ನಡುವೆಯೇ ಸೋತು ಬಿತ್ತು. ಹೊಸದು ಕೊನೆಯವರೆಗೂ ಓಡಿ ಬಾಗಿಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದರ ಕಾರಣ ಸರಳವಾದುದು. ಗಟ್ಟಿ ಗಾಲಿಯು ಕಲ್ಲಿಗೆ ತಾಗಿದಾಗ ಮೇಲಕ್ಕೆ ನೆಗೆಯುತ್ತದೆ. ನೆಗೆದ ಹೊತ್ತಿನಲ್ಲಿ ಅದಕ್ಕೆ ನೆಲದ ಆಸರೆ ತಪ್ಪುತ್ತದೆ. ಗಾಳಿ ತುಂಬಿದ ಗಾಲಿಯಾದರೋ ತಾನೇ ತಗ್ಗಿ, ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು, ನೆಲವನ್ನು ಹಿಡಿದೇ ಸಾಗುತ್ತದೆ. ಡನ್‌ಲಪ್ಪನು ಮಗನ ಸೈಕಲ್ಲಿನ ಹಿಂದಿನ ಎರಡು ಗಾಲಿಗಳಿಗೇ ಮೊದಲು ಇಂತಹ ಟೈರುಗಳನ್ನು ತೊಡಿಸಿದನು.

1888ರಲ್ಲಿ ಅವನಿಗೆ ಪೇಟೆಂಟು, ಎಂದರೆ ತನ್ನ ಶೋಧದ ಮೇಲಿನ ಏಕಸ್ವಾಮ್ಯದ ಹಕ್ಕು ದೊರೆಯಿತು. 1889ರ ಮೇ 18ರಂದು ಬೆಲ್‌ಫಾಸ್ಟಿನಲ್ಲಿ ಸೈಕಲ್ ಪಂದ್ಯಗಳು ನಡೆದವು. ವಿಲ್ಲಿ ಹ್ಯೂಮ್ ಎಂಬ ಸಾಧಾರಣ ಸವಾರನು ಗಾಳಿ ಟೈರಿನ ಸೈಕಲ್ಲನ್ನೇರಿ ಬಂದಾಗ ಆ ದಪ್ಪ ಗಾಲಿಗಳನ್ನು ಕಂಡು ನೆರೆದವರು ನಕ್ಕರು. ಆದರೆ ಹ್ಯೂಮನು ನಾಲ್ಕು ಪಂದ್ಯಗಳನ್ನೂ ಗೆದ್ದನು. ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿಯ ಮಕ್ಕಳೂ ಇದ್ದರು. ಅದೇ ವ್ಯಾಪಾರಿಯು ಡನ್‌ಲಪ್ಪನೊಡನೆ ಸೇರಿ ಡಬ್ಲಿನ್ ನಗರದಲ್ಲಿ ಟೈರಿನ ಸಂಸ್ಥೆಯನ್ನು ಕಟ್ಟಿದನು.

ಆಗಲೇ ಡನ್‌ಲಪ್ಪನಿಗೆ ಸಿಡಿಲಿನಂತಹ ಸುದ್ದಿ ಬಂದಿತು. ಅವನ ಪೇಟೆಂಟು ಊರ್ಜಿತವಲ್ಲವೆಂದು ತಿಳಿದುಬಂದಿತು. ಸ್ಕಾಟ್ಲೆಂಡಿನವನೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು 1845ರಷ್ಟು ಹಿಂದೆಯೇ ಗಾಳಿ ಗಾಲಿಗೆ ಪೇಟೆಂಟು ಪಡೆದಿದ್ದನು. ಆಗ ಇಂದಿನಂತಹ ಸೈಕಲ್ಲು ಇರಲಿಲ್ಲ. ಥಾಮ್ಸನ್ನನ ಗಾಲಿಯನ್ನು ಲೋಕವು ಮರೆಯಿತು. 1873ರಲ್ಲಿ ಅವನು ತೀರಿಕೊಂಡನು. ಡನ್‌ಲಪ್ಪನು ಕದ್ದವನಲ್ಲ, ಅವನು ಅರಿಯದೆಯೇ ಅದೇ ದಾರಿಯಲ್ಲಿ ನಡೆದಿದ್ದನು. ಆದರೂ ಮೊದಲಿಗನೆಂಬ ಕೀರ್ತಿ ಅವನದಾಗಲಿಲ್ಲ. ಸಂಸ್ಥೆಯು ಬೇರೆ ಪೇಟೆಂಟುಗಳ ಬಲದಿಂದ ಬೆಳೆದು 1896ರಲ್ಲಿ 30 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಆ ಐಶ್ವರ್ಯವೂ ಡನ್‌ಲಪ್ಪನಿಗೆ ದಕ್ಕಲಿಲ್ಲ. 1921ರ ಅಕ್ಟೋಬರ್ 23ರಂದು ಅವನು ಡಬ್ಲಿನ್ನಿನಲ್ಲಿ ನಿಧನ ಹೊಂದಿದನು.

ಇಂದು ಸ್ಪರ್ಧೆಯ ಕಾರುಗಳನ್ನು ಸಜ್ಜುಗೊಳಿಸುವವರು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದ ಮಾತ್ರಕ್ಕೆ ತೃಪ್ತರಾಗುವುದಿಲ್ಲ. ಹಿಂದಿನ ಗಾಲಿಗಳಿಂದ ನಡೆಯುವ ಕಾರು ರಭಸದಿಂದ ಮುನ್ನುಗ್ಗುವಾಗ ಭಾರವು ಹಿಂದಕ್ಕೆ ವಾಲುತ್ತದೆ. ಅಲ್ಲಿನ ಟೈರುಗಳಿಗೆ ಹಿಡಿತವಿಲ್ಲದಿದ್ದರೆ ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತದೆ. ಆದುದರಿಂದ ಹಿಂದಕ್ಕೆ ಅಗಲವಾದ, ಮೃದು ರಬ್ಬರಿನ ಟೈರುಗಳನ್ನು ಆರಿಸುತ್ತಾರೆ. ಮೃದು ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಒದ್ದೆ ರಸ್ತೆಗೆ ನೀರನ್ನು ಹೊರದೂಡುವ ಆಳವಾದ ಗೆರೆಗಳು ಬೇಕು. ಗಾಳಿ ಹೆಚ್ಚಾದರೆ ನೆಲ ತಾಗುವ ತಾಣ ಕುಗ್ಗುತ್ತದೆ. ಕಡಮೆಯಾದರೆ ಟೈರು ಕಾದು ಕೆಡುತ್ತದೆ. ಎಲ್ಲಕ್ಕೂ ಹದ ಬೇಕು.

ಈ ಹದವನ್ನು ಅರಸುವವರೆಲ್ಲರೂ ಬೆಲ್‌ಫಾಸ್ಟಿನ ಆ ಅಂಗಳಕ್ಕೆ ಋಣಿಗಳು. ಶೋಧಿಸಿದ ಮೊದಲಿಗನಾಗಿ ಥಾಮ್ಸನ್ನನನ್ನೂ, ಶೋಧವನ್ನು ಜನರ ಬಳಕೆಗೆ ತಂದವನಾಗಿ ಡನ್‌ಲಪ್ಪನನ್ನೂ ನೆನೆಯುವುದು ನ್ಯಾಯ. ಎಷ್ಟೇ ದೊಡ್ಡ ಶಕ್ತಿಯಾದರೂ ನೆಲವನ್ನು ಹಿಡಿದು ನಿಂತಾಗಲೇ ಅದು ಮುನ್ನಡೆಯಾಗುತ್ತದೆ.