ಅಜ್ಜಿಯ ಸಾಸಿವೆ ಡಬ್ಬಿ, ಅಹಿಲ್ಯಾಬಾಯಿಯ ಖಾಸಗಿ



ಹೋದ ವರ್ಷ ತೀರಿಕೊಂಡ ನಮ್ಮಜ್ಜಿಯ ನೆನಪಾದಾಗಲೆಲ್ಲ ಜೊತೆಗೇ ನೆನಪಾಗುವವರು ಅಹಿಲ್ಯಾಬಾಯಿ ಹೋಳ್ಕರ್. ಅಜ್ಜನ ನೌಕರಿಯಿಂದಾಗಿ ಅಜ್ಜಿ ನಾಶಿಕ್ ಜಿಲ್ಲೆಯ ದಿಂಡೋರಿಗೆ ಬಂದು ನೆಲೆಸಿದ್ದರು. ದ್ರಾಕ್ಷಿ ತೋಟಗಳ ಊರು ಅದು. ರಜೆಗೆ ಹೋದಾಗ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಅವರು ಹೇಳುತ್ತಿದ್ದುದು ಅಹಿಲ್ಯಾಬಾಯಿಯ ಕತೆಯನ್ನೇ. ಹೋಳ್ಕರರ ರಂಗಮಹಲ್ ಇರುವ ಚಾಂದವಡ ನಮಗೆ ದೂರವೇನಲ್ಲ. ಹಾಗಾಗಿ ಆ ರಾಣಿ ನನಗೆ ನೆರೆಮನೆಯವರ ಹಾಗೆ.

ಅಹಿಲ್ಯಾಬಾಯಿ ಹುಟ್ಟಿದ್ದು 1725ರ ಮೇ 31ರಂದು, ಈಗಿನ ಅಹಿಲ್ಯಾನಗರ ಜಿಲ್ಲೆಯ ಚೌಂಡಿ ಎಂಬ ಹಳ್ಳಿಯಲ್ಲಿ. ತಂದೆ ಮಾಣಕೋಜಿ ಶಿಂದೆ. 1733ರಲ್ಲಿ ಮಲ್ಹಾರರಾವ್ ಹೋಳ್ಕರರ ಮಗ ಖಂಡೇರಾವ್ ಜೊತೆ ಮದುವೆಯಾಯಿತು. 1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಗಂಡ ತೀರಿಕೊಂಡರು. ಆಗ ಅವರಿಗೆ 29 ಕೂಡ ತುಂಬಿರಲಿಲ್ಲ. ಚಿತೆ ಏರಲು ಹೊರಟ ಸೊಸೆಯನ್ನು ಮಾವನೇ ಬೇಡಿಕೊಂಡು ತಡೆದರು. ಆಮೇಲೆ ಸುಮ್ಮನೆ ಮೂಲೆಯಲ್ಲಿ ಕೂರಿಸಲಿಲ್ಲ. ಆಡಳಿತದ ಕೆಲಸ ವಹಿಸಿದರು, ಫಿರಂಗಿ, ಮದ್ದುಗುಂಡಿನ ವ್ಯವಸ್ಥೆ ನೋಡಿಕೊಳ್ಳುವಂತೆ ಪತ್ರ ಬರೆದರು.

1766ರಲ್ಲಿ ಮಾವ ಹೋದರು. ಮರುವರ್ಷವೇ ಒಬ್ಬನೇ ಮಗ ಮಾಲೇರಾವ್ ಹೋದ. ಹೆಂಗಸಿನ ಕೈಯಲ್ಲಿ ರಾಜ್ಯವೇ ಎಂದು ರಘುನಾಥರಾವ್ ದಂಡು ತಂದಾಗ, ಗೆದ್ದರೆ ಕೀರ್ತಿ ಬಾರದು, ಸೋತರೆ ಮುಖ ತೋರಿಸಲಾಗದು ಎಂದು ಅವರಿಗೆ ಹೇಳಿ ಕಳಿಸಿದರಂತೆ. ಅಜ್ಜಿ ಈ ಭಾಗ ಹೇಳುವಾಗ ಎದ್ದು ಕೂರುತ್ತಿದ್ದರು! ರಘುನಾಥರಾವ್ ಯುದ್ಧ ಮಾಡದೆ ಹಿಂತಿರುಗಿದರು. ತುಕೋಜಿ ಹೋಳ್ಕರರಿಗೆ ಸೈನ್ಯ ಒಪ್ಪಿಸಿ, ನರ್ಮದಾ ದಂಡೆಯ ಮಹೇಶ್ವರದಿಂದ ಅಹಿಲ್ಯಾಬಾಯಿ 28 ವರ್ಷ ಆಳಿದರು. ನಾವು ಹಬ್ಬಕ್ಕೆ ಉಡುವ ಮಹೇಶ್ವರಿ ಸೀರೆಯ ನೇಯ್ಗೆ ಬೆಳೆದದ್ದು ಅವರ ಆಶ್ರಯದಲ್ಲೇ.

ನನಗೆ ಬಹಳ ಹಿಡಿಸಿದ್ದು ಅವರ ಲೆಕ್ಕದ ಶಿಸ್ತು. ಹೋಳ್ಕರ್ ಮನೆತನದ ಹೆಂಗಸರಿಗೆಂದೇ ಬೇರೆ ಜಹಗೀರಿನ ವರಮಾನವಿತ್ತು. ಅದಕ್ಕೆ ಖಾಸಗಿ ಎಂದೇ ಹೆಸರು. ಅತ್ತೆ ಗೌತಮಾಬಾಯಿಯವರಿಂದ ಅದು ಅಹಿಲ್ಯಾಬಾಯಿಗೆ ಬಂತು. ದೇಶದುದ್ದಕ್ಕೂ ಅವರು ಕಟ್ಟಿಸಿದ ಗುಡಿ, ಘಾಟು, ಬಾವಿ, ಧರ್ಮಶಾಲೆಗಳಿಗೆ ಹಣ ಬಂದದ್ದು ಈ ಖಾಸಗಿಯಿಂದ. 1780ರಲ್ಲಿ ಮತ್ತೆ ಎದ್ದು ನಿಂತ ಕಾಶಿ ವಿಶ್ವನಾಥನ ಗುಡಿ ಅವರದು. ಸಂಭಾಜಿನಗರ ಜಿಲ್ಲೆಯ ವೇರೂಳದ ಘೃಷ್ಣೇಶ್ವರ ಗುಡಿಯನ್ನೂ ಅವರು ಜೀರ್ಣೋದ್ಧಾರ ಮಾಡಿಸಿದರು.

ನಮ್ಮಜ್ಜಿಗೂ ಒಂದು ಖಾಸಗಿ ಇತ್ತು: ಅಡುಗೆಮನೆಯ ಸಾಸಿವೆ ಡಬ್ಬಿ. ಹಪ್ಪಳ, ಸಂಡಿಗೆ ಮಾರಿ ಬಂದ ದುಡ್ಡು ಅದರೊಳಗೆ. ಅಜ್ಜ ಸಹ ಅದನ್ನು ಮುಟ್ಟುವಂತಿರಲಿಲ್ಲ. ಮದುವೆ ವಯಸ್ಸಿನ ಹುಡುಗಿಗೆ ಎಂಟೆಕ್ ಯಾಕೆ ಎಂದು ಮನೆಯಲ್ಲಿ ಮಾತು ಬಂದಾಗ, ಅಜ್ಜಿ ಏನೂ ವಾದಿಸದೆ ಡಬ್ಬಿ ತಂದು ನನ್ನ ಮುಂದೆ ಬೋರಲು ಹಾಕಿದರು. ನನ್ನ ಮೊದಲ ಸೆಮಿಸ್ಟರ್ ಫೀಸಿನ ನೋಟುಗಳಿಗೆ ಸಾಸಿವೆ ವಾಸನೆಯಿತ್ತು.

ಅಹಿಲ್ಯಾಬಾಯಿಯ ಕತೆಯ ಕೊನೆಯನ್ನು ಮಾತ್ರ ಅಜ್ಜಿ ಮಕ್ಕಳಿಗೆ ಹೇಳುತ್ತಿರಲಿಲ್ಲ. ದೊಡ್ಡವಳಾದ ಮೇಲೆ ನಾನೇ ಓದಿ ತಿಳಿದೆ. ಮಗಳು ಮುಕ್ತಾಬಾಯಿಯ ಮಗ, ಅಂದರೆ ಅಹಿಲ್ಯಾಬಾಯಿಯ ಮೊಮ್ಮಗ, ಚಿಕ್ಕ ವಯಸ್ಸಿಗೇ ತೀರಿಕೊಂಡ. 1791ರಲ್ಲಿ ಅಳಿಯನೂ ಹೋದರು. ಚಿತೆ ಏರಬೇಡವೆಂದು ತಾಯಿ ಎಷ್ಟು ಬೇಡಿಕೊಂಡರೂ ಮುಕ್ತಾಬಾಯಿ ಕೇಳಲಿಲ್ಲ. ಮಾವ ತನ್ನನ್ನು ಉಳಿಸಿಕೊಂಡ ಹಾಗೆ ಮಗಳನ್ನು ಉಳಿಸಿಕೊಳ್ಳಲು ಆ ತಾಯಿಗೆ ಆಗಲಿಲ್ಲ. ಆದರೂ ಕೆಲಸ ಬಿಡದೆ, 1795ರ ಆಗಸ್ಟ್ 13ರಂದು ಕಣ್ಣು ಮುಚ್ಚುವವರೆಗೆ ರಾಜ್ಯ ನಡೆಸಿದರು.

ವೇರೂಳಕ್ಕೆ ಒಮ್ಮೆ ಕರೆದುಕೊಂಡು ಹೋಗೆಂದು ಅಜ್ಜಿ ಕೇಳುತ್ತಲೇ ಇದ್ದರು. ಈ ರಿಲೀಸ್ ಮುಗಿಯಲಿ, ಮುಂದಿನ ರಿಲೀಸ್ ಮುಗಿಯಲಿ ಎಂದು ನಾನು ಮುಂದೂಡುತ್ತಲೇ ಇದ್ದೆ. ಕೊನೆಗೆ ಅವರಿಲ್ಲದೆ ಒಬ್ಬಳೇ ಹೋದೆ. ಆ ಕೆಂಪು ಕಲ್ಲಿನ ಗುಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ.

ಈಗ ನನ್ನ ಅಡುಗೆಮನೆಯಲ್ಲೂ ಆ ಡಬ್ಬಿ ಇದೆ. ಪ್ರತಿ ತಿಂಗಳು ಸಂಬಳದಲ್ಲಿ ಒಂದಿಷ್ಟು ಅದಕ್ಕೆ ಹಾಕುತ್ತೇನೆ. ಮನೆಕೆಲಸಕ್ಕೆ ಬರುವ ಅಕ್ಕನ ಮಗಳು ಈ ವರ್ಷ ಡಿಪ್ಲೊಮಾ ಸೇರಿದ್ದಾಳೆ. ಅವಳ ಫೀಸು ಅಜ್ಜಿಯ ಡಬ್ಬಿಯಿಂದಲೇ ಹೋಯಿತು.