ಸ್ಟೆಲ್ಲರನ ಚರಿತ್ರೆ

ನಮ್ಮ ಭೂಗೋಳಪಾಠಗಳಲ್ಲಿ ಸಮುದ್ರವೆಂದರೆ ಬಹುಮಟ್ಟಿಗೆ ನೀಲಿ ಬಣ್ಣ ಬಳಿದ ಕಾಗದವೇ ಸರಿ. ಗೋವಿನಕೋವಿ, ನ್ಯಾಮತಿ, ಹೊನ್ನಾಳಿಗಳ ಕಡೆಯಿಂದ ಬರುವ ಬಾಲಿಕೆಯರು ತುಂಗಭದ್ರೆಯ ಪ್ರವಾಹವನ್ನು ಬಲ್ಲರು. ಕಡಲನ್ನು ಕಂಡವರು ಅವರಲ್ಲಿ ವಿರಳ. ಹಾಗಿರುವಲ್ಲಿ, ಮಂಜು ಕವಿದ ಉತ್ತರಸಮುದ್ರದ ಕರೆಯಲ್ಲಿ ಏನು ಬೆಳೆಯುತ್ತದೆ, ಯಾವ ಪ್ರಾಣಿಯು ಯಾವುದನ್ನು ತಿಂದು ಬದುಕುತ್ತದೆ ಎಂಬ ವಿಚಾರವು ಅವರ ಕಲ್ಪನೆಗೆ ನಿಲುಕದಿದ್ದರೆ ಆಶ್ಚರ್ಯವಿಲ್ಲ. ಅಂಥ ಕರೆಯೊಂದರಲ್ಲಿ ಹಡಗೊಡೆದು ಸಿಕ್ಕಿಬಿದ್ದು, ಅಲ್ಲಿನ ಜೀವಜಂತುಗಳನ್ನು ಮೊತ್ತಮೊದಲು ಶಾಸ್ತ್ರರೀತಿಯಿಂದ ಪರೀಕ್ಷಿಸಿ ಬರೆದಿಟ್ಟವನು ಗಿಯೋರ್ಗ್ ವಿಲ್ಹೆಲ್ಮ್ ಸ್ಟೆಲ್ಲರನು. ಆತನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ. ಊರ ಹೆಸರಿನಲ್ಲಿಯೇ ಗೋವನ್ನು ಹೊತ್ತ ಗೋವಿನಕೋವಿಯ ಮಕ್ಕಳಿಗೆ, ಆತನು ಕಂಡ ಕಡಲಹಸುವಿನ ವೃತ್ತಾಂತವು ವಿಶೇಷವಾಗಿ ರುಚಿಸಬಹುದು.

ಸ್ಟೆಲ್ಲರನು 1709ನೆಯ ಇಸವಿಯಲ್ಲಿ ಜರ್ಮನಿಯ ವಿಂಡ್ಸ್‌ಹೈಮ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಲೂಥರನ್ ದೇವಾಲಯದಲ್ಲಿ ಗಾಯನವನ್ನು ನಡಿಸುವವನಾಗಿದ್ದನು, ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಊರಿನವರು ಕೊಟ್ಟ ವಿದ್ಯಾರ್ಥಿವೇತನದಿಂದ 1729ರಲ್ಲಿ ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯವನ್ನು ಸೇರಿ, ಸಭೆಯ ಬೋಧಕನಾಗಬೇಕೆಂದು ದೇವಜ್ಞಾನಶಾಸ್ತ್ರವನ್ನು ಓದತೊಡಗಿದನು. ಎರಡು ವರ್ಷಗಳ ತರುವಾಯ ಹಾಲೆ ಪಟ್ಟಣಕ್ಕೆ ಬಂದು, ಅಲ್ಲಿ ವೈದ್ಯಶಾಸ್ತ್ರ, ಸಸ್ಯಶಾಸ್ತ್ರಗಳ ಕಡೆಗೆ ತಿರುಗಿದನು. ಆ ಪಟ್ಟಣದಲ್ಲಿ ಫ್ರಾಂಕೆ ಎಂಬ ಭಕ್ತನು ಸ್ಥಾಪಿಸಿದ್ದ ಅನಾಥಾಲಯದ ಶಾಲೆಯಲ್ಲಿ ಪಾಠ ಹೇಳಿ ತನ್ನ ಖರ್ಚನ್ನು ತೂಗಿಸಿಕೊಂಡನು. ಹಾಲೆಯ ಹೆಸರು ನಮ್ಮಂಥ ಮಿಶನ್ ಶಾಲೆಗಳವರಿಗೆ ಹೊಸದಲ್ಲ. ಅಲ್ಲಿಯ ಭಕ್ತರ ಬಳಗದಿಂದಲೇ ಜೀಗನ್‌ಬಾಲ್ಗನು 1706ರಲ್ಲಿ ತರಂಗಂಬಾಡಿಗೆ ಬಂದಿಳಿದನು. ಮಾರನೆಯ ವರುಷವೇ ಅಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದನು. ಒಂದೇ ಬೇರಿನಿಂದ ಹೊರಟ ಒಂದು ಕೊಂಬೆ ದಕ್ಷಿಣಕ್ಕೆ ಬಿಸಿಲಿನ ನಾಡಿಗೂ, ಇನ್ನೊಂದು ಬಡಗು ಮೂಡಲ ಹಿಮದ ನಾಡಿಗೂ ಚಾಚಿತೆನ್ನಬಹುದು.

ಜರ್ಮನಿಯಲ್ಲಿ ಉದ್ಯೋಗ ದೊರೆಯದೆ ಸ್ಟೆಲ್ಲರನು 1734ರಲ್ಲಿ ರಷ್ಯಾ ದೇಶಕ್ಕೆ ಹೋದನು. ಗಾಯಗೊಂಡ ರಷ್ಯನ್ ಸಿಪಾಯಿಗಳನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ವೈದ್ಯನಾಗಿ ಆತನು ಸೇಂಟ್ ಪೀಟರ್ಸ್‌ಬರ್ಗನ್ನು ಮುಟ್ಟಿದನಂತೆ. ಅಲ್ಲಿ ನವ್‌ಗೊರೋದಿನ ಮಹಾಧ್ಯಕ್ಷನ ಮನೆವೈದ್ಯನಾದನು. 1737ರಲ್ಲಿ ವಿಜ್ಞಾನ ಅಕಾಡೆಮಿಯ ಸೇವೆಗೆ ಸೇರಿದನು. ಅದೇ ಕಾಲದಲ್ಲಿ ಬೇರಿಂಗ್ ಎಂಬ ಡೇನಿಷ್ ನಾವಿಕನ ನಾಯಕತ್ವದಲ್ಲಿ ಏಷ್ಯದ ಪೂರ್ವತೀರವನ್ನೂ ಅಮೇರಿಕದ ಪಶ್ಚಿಮತೀರವನ್ನೂ ಶೋಧಿಸುವ ಮಹಾಯಾತ್ರೆಯೊಂದು ನಡೆಯುತ್ತಿದ್ದಿತು. ಸ್ಟೆಲ್ಲರನಿಗೆ ಅದರಲ್ಲಿ ಸ್ಥಳ ಸಿಕ್ಕಿತು. ಹೊರಡುವ ಮುನ್ನ ಆತನು ಸೈಬೀರಿಯವನ್ನು ಶೋಧಿಸಿ ತೀರಿಹೋಗಿದ್ದ ಮೆಸ್ಸರ್‌ಸ್ಮಿತ್ ಪಂಡಿತನ ವಿಧವೆಯನ್ನು ಮದುವೆಯಾದನು. ಆಕೆಯು ಗಂಡನ ಸಂಗಡ ಹೊರಟು, ಮಾಸ್ಕೋವಿನಿಂದ ಮುಂದೆ ಬರಲೊಲ್ಲದೆ ನಿಂತುಬಿಟ್ಟಳು. ಚರಿತ್ರಕಾರರು ಆಕೆಯನ್ನು ದೂಷಿಸುವುದುಂಟು. ಒಬ್ಬ ಗಂಡನನ್ನು ಆಗಲೇ ಕಳೆದುಕೊಂಡವಳು ಸೈಬೀರಿಯದ ಕಷ್ಟಗಳಿಗೆ ಹಿಂಜರಿದರೆ ನಾವಂತೂ ಆಕೆಯ ಮೇಲೆ ಕಲ್ಲೆಸೆಯಲಾರೆವು.

ಸ್ಟೆಲ್ಲರನು ಸೈಬೀರಿಯವನ್ನು ದಾಟಿ 1740ರಲ್ಲಿ ಕಮ್‌ಚಾಟ್ಕ ಸೇರಿದನು. 1741ರ ಜೂನಿನಲ್ಲಿ ಬೇರಿಂಗನ ಸೇಂಟ್ ಪೀಟರ್ ಹಡಗನ್ನೇರಿ ಪೂರ್ವಕ್ಕೆ ಹೊರಟನು. ಆರು ವಾರಗಳ ಮೇಲೆ ಅಮೇರಿಕದ ಹಿಮಪರ್ವತಗಳು ಕಂಡವು. ಆದರೆ ಬೇರಿಂಗನಿಗೆ ಚಳಿಗಾಲದ ಭಯ; ಕುಡಿಯುವ ನೀರು ತುಂಬಿಕೊಂಡು ಹಿಂದಿರುಗಬೇಕೆಂಬ ಆತುರ. ಬಹಳ ವಾದಮಾಡಿ ಸ್ಟೆಲ್ಲರನು ಕಯಾಕ್ ಎಂಬ ದ್ವೀಪದಲ್ಲಿ ಹತ್ತು ಗಂಟೆಗಳ ಅವಕಾಶವನ್ನು ಪಡೆದನು. ವರ್ಷಗಟ್ಟಲೆ ಸಿದ್ಧತೆ ನಡೆದಿದ್ದ ಯಾತ್ರೆಯಲ್ಲಿ ಪಂಡಿತನಿಗೆ ದಕ್ಕಿದ ಸಮಯ ಅಷ್ಟೇ. ಅಷ್ಟರಲ್ಲಿಯೇ ಆತನು ನೂರಾರು ಗಿಡಗಳನ್ನು ನೋಡಿ ಗುರುತು ಹಾಕಿಕೊಂಡನು. ಅಲ್ಲಿ ಸಿಕ್ಕಿದ ಜುಟ್ಟಿನ ನೀಲಿಹಕ್ಕಿಯೊಂದು ಅಮೇರಿಕದ ಹಕ್ಕಿಗಳ ಪುಸ್ತಕದಲ್ಲಿ ತಾನು ಹಿಂದೆ ಕಂಡಿದ್ದ ಚಿತ್ರವನ್ನು ಹೋಲುವುದನ್ನು ಕಂಡು, ತಾವು ಮುಟ್ಟಿದ ನೆಲ ಅಮೇರಿಕವೇ ಎಂದು ನಿಶ್ಚಯಿಸಿದನು. ಆ ಹಕ್ಕಿಯು ಇಂದಿಗೂ ಸ್ಟೆಲ್ಲರನ ಹೆಸರಿನಿಂದ ಪ್ರಸಿದ್ಧವಾಗಿದೆ.

ಹಿಂದಿರುಗುವ ಮಾರ್ಗವು ದುಃಖಮಯವಾಯಿತು. ಹಸುರು ತರಕಾರಿಯಿಲ್ಲದೆ ತಿಂಗಳುಗಟ್ಟಲೆ ಒಣ ಆಹಾರವನ್ನೇ ತಿನ್ನುವವರಿಗೆ ಬರುವ ಸ್ಕರ್ವಿ ರೋಗವು ಹಡಗಿನವರನ್ನು ಹಿಡಿಯಿತು. ಒಸಡು ಕೊಳೆತು, ಕೈಕಾಲು ಬಿದ್ದು, ಜನರು ಒಬ್ಬೊಬ್ಬರಾಗಿ ಸಾಯತೊಡಗಿದರು. ನಡುದಾರಿಯ ದ್ವೀಪವೊಂದರಲ್ಲಿ ಇಳಿದಾಗ ಈ ರೋಗಕ್ಕೆ ಮದ್ದಾಗುವ ಸೊಪ್ಪುಗಳನ್ನು ಕೂಡಿಸಲು ಜನರನ್ನು ಕೊಡಬೇಕೆಂದು ಸ್ಟೆಲ್ಲರನು ಕೇಳಿದನು, ಅಧಿಕಾರಿಗಳು ಕಿವಿಗೊಡಲಿಲ್ಲ. ಸ್ಟೆಲ್ಲರನೂ ಸೌಮ್ಯ ಸ್ವಭಾವದವನಲ್ಲವೆಂಬುದನ್ನು ನಾವು ಮರೆಮಾಡಬಾರದು. ತನಗೆ ತಿಳಿದುದನ್ನು ಇತರರು ಒಪ್ಪದಿದ್ದರೆ ಮೊನಚಾದ ಮಾತುಗಳಿಂದ ತಿವಿಯುವುದು ಆತನ ಅಭ್ಯಾಸ. ಆದುದರಿಂದ ಆತನ ಒಳ್ಳೆಯ ಸಲಹೆಗಳೂ ಹಲವು ಸಲ ವ್ಯರ್ಥವಾದವು.

1741ರ ನವೆಂಬರಿನಲ್ಲಿ ಹಡಗು ಜನವಸತಿಯಿಲ್ಲದ ದ್ವೀಪವೊಂದರ ಕರೆಗೆ ಸಿಕ್ಕಿತು. ಮರವೆಂಬುದು ಅಲ್ಲಿರಲಿಲ್ಲ. ಮರಳಿನಲ್ಲಿ ಗುಂಡಿ ತೋಡಿ, ಮೇಲೆ ಹಾಯಿಬಟ್ಟೆ ಹೊದಿಸಿ ಜನರು ವಾಸಮಾಡಿದರು. ನರಿಗಳು ಗುಂಪುಗುಂಪಾಗಿ ಬಂದು ರೋಗಿಗಳನ್ನೂ ಹೆಣಗಳನ್ನೂ ಕಚ್ಚಿದವು. ಡಿಸೆಂಬರಿನಲ್ಲಿ ಬೇರಿಂಗನು ಅಲ್ಲಿಯೇ ಪ್ರಾಣಬಿಟ್ಟನು. ಆ ದ್ವೀಪಕ್ಕೆ ಆತನ ಹೆಸರೇ ನಿಂತಿತು. ಉಳಿದವರಿಗೆ ಸ್ಟೆಲ್ಲರನು ವೈದ್ಯನೂ ಅಡಿಗೆಯವನೂ ಆದನು. ಕಡಲ ನೀರುನಾಯಿಗಳ ಹಸಿಮಾಂಸ, ಹಿಮ ಕರಗಿದೊಡನೆ ಚಿಗುರಿದ ಸೊಪ್ಪು ಇವುಗಳಿಂದ ರೋಗವು ಇಳಿಯಿತು. ಒಟ್ಟಿಗೆ 46 ಮಂದಿ ಬದುಕಿದರು.

ಚಳಿ ಕಳೆದು ಮೈಯಲ್ಲಿ ಬಲ ಬಂದ ಮೇಲೆ ಇತರರು ಇಸ್ಪೀಟು ಆಡುತ್ತ, ನೀರುನಾಯಿಗಳ ಚರ್ಮವನ್ನು ಪಣವಿಟ್ಟು ಕಾಲ ಕಳೆಯುತ್ತಿದ್ದಾಗ, ಸ್ಟೆಲ್ಲರನು ಕರೆಯುದ್ದಕ್ಕೂ ನಡೆದಾಡಿ ನೋಡಿದನು, ಅಳೆದನು, ಬರೆದನು. ಸೀಲುಗಳೂ ಕಡಲಸಿಂಹಗಳೂ ಮರಿಹಾಕುವ ಸ್ಥಳದ ನಡುವೆ ಒಂದು ಗುಡಿಸಲು ಕಟ್ಟಿಕೊಂಡು ಆರು ದಿವಸ ಅಲ್ಲಿಯೇ ಕುಳಿತನು. ಗಂಡುಗಳು ಸ್ಥಳಕ್ಕಾಗಿ ಹೋರಾಡುವ ಬಗೆ, ತಾಯಿಗಳು ಮರಿಗಳನ್ನು ಕರೆಯುವ ಬಗೆ ಇವೆಲ್ಲವೂ ಆತನ ಪತ್ರಗಳಲ್ಲಿ ಸೇರಿದವು. ಸತ್ತ ಪ್ರಾಣಿಯ ಚರ್ಮವನ್ನು ತಂದು ಮೇಜಿನ ಮೇಲೆ ಹರಡಿ ವರ್ಣಿಸುವುದೇ ಆ ಕಾಲದ ಪಂಡಿತರ ವಾಡಿಕೆ. ಬದುಕಿರುವ ಪ್ರಾಣಿಯನ್ನು ಅದರ ನೆಲೆಯಲ್ಲಿಯೇ ಕುಳಿತು ನೋಡುವ ಈ ಪದ್ಧತಿಯು ಅಂದಿಗೆ ಬಹಳ ಅಪೂರ್ವ.

ಆ ಕರೆಯ ನೀರಿನೊಳಗೆ ಕೆಲ್ಪ್ ಎಂಬ ಕಂದುಬಣ್ಣದ ಕಡಲಪಾಚಿಯು ದಟ್ಟವಾಗಿ ಬೆಳೆಯುತ್ತದೆ. ಪಾಚಿಯೆಂದೊಡನೆ ನಮ್ಮ ಬಾವಿಕಟ್ಟೆಯ ಹಸುರು ಲೇಪವನ್ನು ನೆನೆಯಬಾರದು. ಇದು ಬಂಡೆಗಳನ್ನು ಕಚ್ಚಿ ನಿಂತು, ಮಾರುಗಟ್ಟಲೆ ಉದ್ದದ ಪಟ್ಟಿಗಳನ್ನು ಚಾಚಿ, ನೀರಿನೊಳಗೊಂದು ಅಡವಿಯನ್ನೇ ಮಾಡುತ್ತದೆ. ಆ ಅಡವಿಯನ್ನು ಮೇಯುತ್ತ ಹಿಂಡುಹಿಂಡಾಗಿ ಇದ್ದವು ಕಡಲಹಸುಗಳು. 1742ರ ಜುಲೈಯಲ್ಲಿ ಸ್ಟೆಲ್ಲರನು ಒಂದು ಹೆಣ್ಣು ಹಸುವನ್ನು ಅಳೆದನು. ಅದರ ಉದ್ದ ಸುಮಾರು 7½ ಮೀಟರು, ಅಂದರೆ ನಮ್ಮ ಒಂದು ತರಗತಿಯ ಕೋಣೆಯಷ್ಟು. ತೊಗಟೆಯಂಥ ದಪ್ಪ ಚರ್ಮ. ಬಾಯಲ್ಲಿ ಹಲ್ಲಿಲ್ಲ, ಪಾಚಿಯನ್ನು ಅರೆಯಲು ಕೊಂಬಿನಂಥ ಎರಡು ಫಲಕಗಳು ಮಾತ್ರ. ಬೆನ್ನು ನೀರಿನ ಮೇಲೆ ಕಾಣುವಂತೆ ತೇಲುತ್ತ, ನಾಲ್ಕೈದು ನಿಮಿಷಗಳಿಗೊಮ್ಮೆ ಮೂಗನ್ನು ಮೇಲೆತ್ತಿ ಉಸಿರು ಬಿಡುತ್ತ, ಮರಿಗಳನ್ನು ಹಿಂಡಿನ ನಡುವೆ ಇಟ್ಟುಕೊಂಡು ಅವು ಹಗಲೆಲ್ಲ ಮೇಯುತ್ತಿದ್ದವು. ಮನುಷ್ಯರ ಭಯವೇ ಅವಕ್ಕಿರಲಿಲ್ಲ. ಒಂದನ್ನು ಈಟಿಯಿಂದ ಇರಿದರೆ ಉಳಿದವು ಅದನ್ನು ಬಿಡಿಸಲು ಹೆಣಗುತ್ತಿದ್ದವು. ಕೊಂದ ಹೆಣ್ಣೊಂದು ಬಿದ್ದಿದ್ದ ಕರೆಗೆ ಅದರ ಜೊತೆಯ ಗಂಡು ಎರಡು ದಿನ ಬಂದು ಹೋದುದನ್ನು ಸ್ಟೆಲ್ಲರನು ಕಂಡು ಬರೆದಿದ್ದಾನೆ. ಮಾಂಸವು ದನದ ಮಾಂಸದಂತಿದ್ದು, ಬಿಸಿಲಿನಲ್ಲಿಯೂ ಬೇಗ ಕೆಡದೆ, ಬಡ ನಾವಿಕರ ಜೀವವನ್ನು ಕಾಯಿತು.

ಹಳೆಯ ಹಡಗಿನ ಹಲಗೆಗಳನ್ನು ಕಳಚಿ ಚಿಕ್ಕದೊಂದನ್ನು ಕಟ್ಟಿಕೊಂಡು, 1742ರ ಆಗಸ್ಟಿನಲ್ಲಿ ಅವರೆಲ್ಲರೂ ಕಮ್‌ಚಾಟ್ಕ ಸೇರಿದರು. ಕಡಲಹಸುವಿನ ಅಸ್ಥಿಪಂಜರಕ್ಕೆ ಅದರಲ್ಲಿ ಸ್ಥಳವಿರಲಿಲ್ಲ. ನೀರುನಾಯಿಗಳ ಚರ್ಮಗಳಿಗೆ ಇದ್ದಿತು! ಸ್ಟೆಲ್ಲರನು ಬರೆಹಗಳನ್ನು ಹೊತ್ತು ತಂದನು.

ಮುಂದಿನ ವರುಷಗಳನ್ನು ಆತನು ಕಮ್‌ಚಾಟ್ಕದಲ್ಲಿಯೇ ಕಳೆದನು. ಬೊಲ್ಶೆರೆತ್ಸ್ಕ್ ಎಂಬ ಊರಿನಲ್ಲಿ ಮಕ್ಕಳಿಗೆ ಶಾಲೆಯೊಂದನ್ನು ಆತನು ತೆರೆದಿದ್ದನೆಂಬುದು, ಉಪಾಧ್ಯಾಯಿನಿಯರಾದ ನಮಗೆ ಆತನ ಹಕ್ಕಿ ಮೃಗಗಳಷ್ಟೇ ಪ್ರಿಯವಾದ ಸಂಗತಿ. ಅಲ್ಲಿಯ ಮೂಲನಿವಾಸಿಗಳಾದ ಇತೆಲ್ಮೆನ್ ಜನರನ್ನು ಸರಕಾರದ ನೌಕರರು ಹಿಂಸಿಸುವುದನ್ನು ಕಂಡು ಆತನು ಎದುರು ನಿಂತನು; ಸೆರೆಯಲ್ಲಿದ್ದ ಕೆಲವರನ್ನು ಬಿಡಿಸಿದನೆಂಬ ಅಪರಾಧವನ್ನೂ ಹೊತ್ತನು. ರಾಜಧಾನಿಗೆ ಹಿಂದಿರುಗುವ ದಾರಿಯಲ್ಲಿ, ವಿಚಾರಣೆಗಾಗಿ ಮತ್ತೆ ಪೂರ್ವಕ್ಕೆ ತಿರುಗಬೇಕೆಂದು ಅಪ್ಪಣೆಯಾಯಿತು. ಆಮೇಲೆ ಅದು ರದ್ದಾಯಿತು. ಈ ಅಲೆದಾಟದ ನಡುವೆ ಜ್ವರ ಬಂದು, 1746ರ ನವೆಂಬರಿನಲ್ಲಿ ಟ್ಯುಮೆನ್ ಪಟ್ಟಣದಲ್ಲಿ ಆತನು ತೀರಿಕೊಂಡನು. ಆಗ ಆತನಿಗೆ 37 ವರ್ಷ. ಟೂರಾ ನದಿಯ ದಂಡೆಯಲ್ಲಿ ಮಾಡಿದ ಸಮಾಧಿಯು ಕಾಲಕ್ರಮದಲ್ಲಿ ಹೊಳೆಯ ಪಾಲಾಯಿತು.

ಕಡಲ ಪ್ರಾಣಿಗಳನ್ನು ಕುರಿತ ಆತನ ಲ್ಯಾಟಿನ್ ಗ್ರಂಥವು 1751ರಲ್ಲಿ ಅಚ್ಚಾಯಿತು. ಅಷ್ಟರೊಳಗೆ, ನಾವಿಕರು ತಂದ ನೀರುನಾಯಿಯ ಚರ್ಮಕ್ಕೆ ಬಂದ ಬೆಲೆಯನ್ನು ಕೇಳಿ ಬೇಟೆಗಾರರು ಆ ದ್ವೀಪಗಳಿಗೆ ನುಗ್ಗಿದ್ದರು. ದಾರಿಯ ಬುತ್ತಿಗಾಗಿ ಅವರು ಕಡಲಹಸುಗಳನ್ನು ಕೊಂದರು; ಇರಿದವುಗಳಲ್ಲಿ ಎಷ್ಟೋ ತಪ್ಪಿಸಿಕೊಂಡು ನೀರಿನಲ್ಲಿ ಸತ್ತು ಯಾರಿಗೂ ಉಪಯೋಗವಿಲ್ಲದೆ ಹೋದವು. ಆ ದ್ವೀಪವನ್ನು 1882ರಲ್ಲಿ ಹೋಗಿ ಪರೀಕ್ಷಿಸಿದ, ಮುಂದೆ ಸ್ಟೆಲ್ಲರನ ದೊಡ್ಡ ಜೀವನಚರಿತ್ರೆಯನ್ನು ಬರೆದ ಸ್ಟೈನೆಗರ್ ಪಂಡಿತನ ಎಣಿಕೆಯಂತೆ, ಸ್ಟೆಲ್ಲರನು ಕಂಡಾಗಲೇ ಅವುಗಳ ಸಂಖ್ಯೆ 1500ನ್ನು ಮೀರಿರಲಿಲ್ಲ. 1768ರ ವೇಳೆಗೆ ಒಂದೂ ಉಳಿಯಲಿಲ್ಲ. ಪಂಡಿತರ ಕಣ್ಣಿಗೆ ಬಿದ್ದ 27 ವರ್ಷಗಳಲ್ಲಿ ಒಂದು ಜಾತಿಯೇ ಅಳಿದುಹೋಯಿತು. ಬದುಕಿದ್ದ ಆ ಹಸುವನ್ನು ನೋಡಿ ವಿವರವಾಗಿ ಬರೆದ ಪ್ರಕೃತಿಶಾಸ್ತ್ರಜ್ಞನು ಸ್ಟೆಲ್ಲರನೊಬ್ಬನೇ.

ನೀರುನಾಯಿಗಳಿಗೂ ಅದೇ ಗತಿ ಬರುವುದರಲ್ಲಿದ್ದಿತು. ನಮ್ಮ ತುಂಗಭದ್ರೆಯಲ್ಲಿಯೂ ನೀರುನಾಯಿಗಳುಂಟು. ಹಂಪೆಯ ಕಡೆ ಅವುಗಳಿಗಾಗಿ 2015ರಲ್ಲಿ ಹೊಳೆಯ ಒಂದು ಭಾಗವನ್ನೇ ಸರಕಾರವು ಕಾದಿರಿಸಿದೆ. ಉತ್ತರಸಮುದ್ರದ ಅವುಗಳ ಬಂಧುಗಳು, 1911ರಲ್ಲಿ ನಾಲ್ಕು ರಾಷ್ಟ್ರಗಳ ಒಡಂಬಡಿಕೆಯಿಂದ ಬೇಟೆ ನಿಲ್ಲುವ ವೇಳೆಗೆ, ಒಂದೆರಡು ಸಾವಿರ ಮಾತ್ರ ಉಳಿದಿದ್ದವು. ಅವು ಪುನಃ ಹೆಚ್ಚಿದ ದ್ವೀಪಗಳನ್ನೂ ಹೆಚ್ಚದ ದ್ವೀಪಗಳನ್ನೂ ಹೋಲಿಸಿ ನೋಡಿದ ಎಸ್ಟಿಸ್, ಪಾಲ್ಮಿಸಾನೊ ಎಂಬ ಇಬ್ಬರು ಅಮೇರಿಕದ ವಿಜ್ಞಾನಿಗಳು 1974ರಲ್ಲಿ ಒಂದು ದೊಡ್ಡ ಸಂಗತಿಯನ್ನು ಹೊರಗೆಡಹಿದರು. ಕಡಲ ತಳದಲ್ಲಿ ಮೈತುಂಬ ಮುಳ್ಳಿರುವ ಚೆಂಡಿನಾಕಾರದ ಪ್ರಾಣಿಗಳಿವೆ. ಅವು ಕೆಲ್ಪಿನ ಬುಡವನ್ನು ಕಡಿದು ತಿನ್ನುತ್ತವೆ. ನೀರುನಾಯಿಗಳು ಆ ಮುಳ್ಳುಚೆಂಡುಗಳನ್ನು ತಿನ್ನುತ್ತವೆ. ನೀರುನಾಯಿಯಿರುವಲ್ಲಿ ಪಾಚಿಯ ಅಡವಿಯಿದೆ. ಇಲ್ಲದಲ್ಲಿ ಮುಳ್ಳುಚೆಂಡುಗಳು ಹೆಚ್ಚಿ ಬಂಡೆ ಬರಿದಾಗಿದೆ. ಹಾಗಾದರೆ, ಚರ್ಮಕ್ಕಾಗಿ ನೀರುನಾಯಿಯನ್ನು ಕೊಂದವರು ಕಡಲಹಸುವಿನ ಮೇವನ್ನೂ ಕಿತ್ತುಕೊಂಡರೋ ಎಂದು ಈಚಿನ ವಿಜ್ಞಾನಿಗಳು ವಿಚಾರಮಾಡಿದ್ದಾರೆ. ಕೆಲವರು ಈಟಿಯೊಂದೇ ಸಾಕಾಗಿತ್ತೆನ್ನುತ್ತಾರೆ. ಮತ್ತೆ ಕೆಲವರು ಹಸಿವೂ ಸೇರಿತೆನ್ನುತ್ತಾರೆ. ವಾದವು ಮುಗಿದಿಲ್ಲ.

ಆ ಹಸುವಿನ ಹತ್ತಿರದ ಬಂಧುವಾದ ಡುಗಾಂಗ್ ಎಂಬ ಪ್ರಾಣಿಯು ನಮ್ಮ ದೇಶದ ಬೆಚ್ಚನೆಯ ಕಡಲುಗಳಲ್ಲಿದೆ. ಅದು ಕಡಲೊಳಗಿನ ಹುಲ್ಲನ್ನು ಮೇಯುತ್ತದೆ. ಅದರ ರಕ್ಷಣೆಗಾಗಿ ತಮಿಳುನಾಡಿನ ಸರಕಾರವು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರುಗಳನ್ನು ಕಾದಿರಿಸಿತು. ಜೀಗನ್‌ಬಾಲ್ಗನು ಬಂದಿಳಿದ ತರಂಗಂಬಾಡಿಯು ಅದೇ ಕರಾವಳಿಯಲ್ಲಿ ಸ್ವಲ್ಪ ಉತ್ತರಕ್ಕಿದೆ. ಸ್ಟೆಲ್ಲರನ ಕಡಲಹಸುವನ್ನು ನೋಡಬೇಕೆನ್ನುವವರಿಗೆ ಹೆಲ್ಸಿಂಕಿ ಮೊದಲಾದ ಕೆಲವು ಪಟ್ಟಣಗಳ ವಸ್ತುಸಂಗ್ರಹಾಲಯಗಳಲ್ಲಿ ಎಲುಬಿನ ಹಂದರಗಳು ಮಾತ್ರ ಇವೆ. 2017ರಲ್ಲಿ ಬೇರಿಂಗ್ ದ್ವೀಪದ ಮರಳಿನಿಂದ ಪಕ್ಕೆಲುಬುಗಳ ತುದಿಗಳು ಬೇಲಿಯ ಗೂಟಗಳಂತೆ ಮೇಲಕ್ಕೆ ಚಾಚಿಕೊಂಡಿರುವುದು ಕಂಡುಬಂದಿತು. ಅಗೆದು ನೋಡಿದಾಗ ತಲೆಯಿಲ್ಲದ ಒಂದು ಕಡಲಹಸುವಿನ ಅಸ್ಥಿಪಂಜರವು ದೊರೆಯಿತು.