ಸೇಡಿ ಟ್ಯಾನರ್ ಮೊಸೆಲ್ ಅಲೆಕ್ಸಾಂಡರ್

ಸೇಡಿ ಟ್ಯಾನರ್ ಮೊಸೆಲ್ ಅಲೆಕ್ಸಾಂಡರ್ (ಜನವರಿ 2, 1898 – ನವೆಂಬರ್ 1, 1989) ಅಮೆರಿಕದ ಅರ್ಥಶಾಸ್ತ್ರಜ್ಞೆ, ವಕೀಲೆ ಹಾಗೂ ನಾಗರಿಕ ಹಕ್ಕುಗಳ ಹೋರಾಟಗಾರ್ತಿ. ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಿಂದ ಪದವಿ ಪಡೆದು ಆ ರಾಜ್ಯದಲ್ಲಿ ವಕೀಲಿಗೆ ಪ್ರವೇಶ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯೂ ಅವರೇ. ಡೆಲ್ಟಾ ಸಿಗ್ಮಾ ಥೀಟಾ ಎಂಬ ವಿದ್ಯಾರ್ಥಿನಿಯರ ಸಂಘದ ಪ್ರಥಮ ರಾಷ್ಟ್ರೀಯ ಅಧ್ಯಕ್ಷೆಯಾಗಿ 1919ರಿಂದ 1923ರವರೆಗೆ ಸೇವೆ ಸಲ್ಲಿಸಿದರು.

ಜನನ ಮತ್ತು ಮನೆತನ

ಸೇಡಿಯವರು ಫಿಲಡೆಲ್ಫಿಯಾ ನಗರದಲ್ಲಿ ಆರನ್ ಆಲ್ಬರ್ಟ್ ಮೊಸೆಲ್ ಮತ್ತು ಮೇರಿ ಲೂಯಿಸಾ ಟ್ಯಾನರ್ ದಂಪತಿಗಳ ಮಗಳಾಗಿ ಜನಿಸಿದರು. ಮನೆತನವು ವಿದ್ಯೆಗೆ ಹೆಸರಾದದ್ದು. ತಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ದೊಡ್ಡಪ್ಪ ನೇಥನ್ ಮೊಸೆಲ್ ಅದೇ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಮೊದಲಿಗರು. ತಾಯಿಯ ತಂದೆ ಬೆಂಜಮಿನ್ ಟಕರ್ ಟ್ಯಾನರ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪ್ ಆಗಿದ್ದರು. ಚಿತ್ರಕಾರ ಹೆನ್ರಿ ಒಸಾವಾ ಟ್ಯಾನರ್ ಸೋದರಮಾವ. ಇಷ್ಟೆಲ್ಲ ಇದ್ದರೂ ಬಾಲ್ಯ ಸುಗಮವಾಗಿರಲಿಲ್ಲ. ಸೇಡಿ ಇನ್ನೂ ಕೂಸಾಗಿದ್ದಾಗಲೇ ತಂದೆ ಕುಟುಂಬವನ್ನು ಬಿಟ್ಟು ಹೋದರು. ಮಕ್ಕಳನ್ನು ತಾಯಿ ತವರಿನವರ ಆಸರೆಯಲ್ಲಿ ಬೆಳೆಸಿದರು.

ಪ್ರೌಢಶಿಕ್ಷಣವನ್ನು ಅವರು ವಾಷಿಂಗ್ಟನ್ ನಗರದ ಎಂ ಸ್ಟ್ರೀಟ್ ಶಾಲೆಯಲ್ಲಿ 1915ರಲ್ಲಿ ಪೂರೈಸಿದರು. ಅದೇ ನಗರದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ದೊರೆತಿತ್ತು. ಗೆಳತಿಯರೂ ಅಲ್ಲಿಯೇ ಓದಲಿದ್ದರು. ಆದರೆ ಮಗಳು ಪೆನ್ಸಿಲ್ವೇನಿಯಾದಲ್ಲಿಯೇ ಓದಬೇಕೆಂದು ತಾಯಿ ಹಟ ಹಿಡಿದರು.

ವಿಶ್ವವಿದ್ಯಾಲಯದ ದಿನಗಳು

ಆ ಕಾಲದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟಿದ್ದರು. ಸಹಪಾಠಿಗಳು ಸೇಡಿಯವರೊಡನೆ ಮಾತನಾಡುತ್ತಿರಲಿಲ್ಲ. ದಾರಿ ಕೇಳಿದರೂ ಉತ್ತರಿಸುತ್ತಿರಲಿಲ್ಲ. ಸುತ್ತಲಿನ ಉಪಾಹಾರಗೃಹಗಳಲ್ಲಿ ಅವರಿಗೆ ಊಟ ಸಿಗುತ್ತಿರಲಿಲ್ಲ. ಇಷ್ಟಾದರೂ ನಾಲ್ಕು ವರ್ಷಗಳ ಶಿಕ್ಷಣಶಾಸ್ತ್ರದ ಪದವಿಯನ್ನು ಮೂರೇ ವರ್ಷಗಳಲ್ಲಿ, 1918ರಲ್ಲಿ, ಗೌರವ ಶ್ರೇಣಿಯಲ್ಲಿ ಪೂರೈಸಿದರು. ಉತ್ತಮ ವಿದ್ಯಾರ್ಥಿಗಳಿಗೆ ಮೀಸಲಾದ ಫೈ ಬೀಟಾ ಕಪ್ಪಾ ಗೌರವ ಸಂಘದ ಸದಸ್ಯತ್ವ ಮಾತ್ರ ಆಗ ಸಿಗಲಿಲ್ಲ. ಅದು ದೊರೆತದ್ದು 1970ರಲ್ಲಿ, ಅಂದರೆ ಅರ್ಧ ಶತಮಾನದ ನಂತರ.

ಡೆಲ್ಟಾ ಸಿಗ್ಮಾ ಥೀಟಾ ಮತ್ತು ಗಾಮಾ ಶಾಖೆ

ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಂಡ ವಿದ್ಯಾರ್ಥಿನಿಯರ ಸಂಘಗಳನ್ನು ಅಮೆರಿಕದಲ್ಲಿ ಸೊರೊರಿಟಿ ಎಂದು ಕರೆಯುತ್ತಾರೆ. ಬಿಳಿಯರ ಸೊರೊರಿಟಿಗಳಲ್ಲಿ ಆಫ್ರಿಕನ್ ಅಮೆರಿಕನ್ನರಿಗೆ ಪ್ರವೇಶವಿರಲಿಲ್ಲ. ಡೆಲ್ಟಾ ಸಿಗ್ಮಾ ಥೀಟಾವನ್ನು 1913ರ ಜನವರಿ 13ರಂದು ಹೋವರ್ಡ್ ವಿಶ್ವವಿದ್ಯಾಲಯದ 22 ವಿದ್ಯಾರ್ಥಿನಿಯರು ಸ್ಥಾಪಿಸಿದರು. ಅದೇ ವರ್ಷದ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮಹಿಳಾ ಮತದಾನ ಹಕ್ಕಿನ ಮೆರವಣಿಗೆಯಲ್ಲಿ ಪಾಲ್ಗೊಂಡದ್ದು ಸಂಘದ ಮೊದಲ ಸಾರ್ವಜನಿಕ ಕಾರ್ಯ. ಎರಡನೆಯ ಶಾಖೆ ಒಹಾಯೋ ರಾಜ್ಯದ ವಿಲ್ಬರ್‌ಫೋರ್ಸ್‌ನಲ್ಲಿ ಆರಂಭವಾಯಿತು. ಮೂರನೆಯದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗಾಮಾ ಶಾಖೆ. 1918ರಲ್ಲಿ ಸ್ಥಾಪನೆಯಾದ ಅದರ ಸ್ಥಾಪಕ ಸದಸ್ಯೆಯರಲ್ಲಿ ಸೇಡಿ ಒಬ್ಬರು. ಮೊದಲೆರಡು ಶಾಖೆಗಳಿದ್ದದ್ದು ಆಫ್ರಿಕನ್ ಅಮೆರಿಕನ್ನರಿಗಾಗಿಯೇ ಇದ್ದ ವಿದ್ಯಾಸಂಸ್ಥೆಗಳಲ್ಲಿ. ಗಾಮಾ ಶಾಖೆಯ ಸ್ಥಿತಿ ಬೇರೆ. ತರಗತಿಯಲ್ಲಿ ಯಾರೂ ಮಾತನಾಡಿಸದ ವಿದ್ಯಾರ್ಥಿನಿಗೆ ಅದು ಮಾತಿನ ಜೊತೆಯನ್ನೂ ಓದಿನ ಜೊತೆಯನ್ನೂ ಒದಗಿಸಿತು.

ಗಾಮಾ ಶಾಖೆಯ ಮತ್ತೊಬ್ಬ ಸ್ಥಾಪಕಿ ವರ್ಜೀನಿಯಾ ಅಲೆಕ್ಸಾಂಡರ್. ಮುಂದೆ ವೈದ್ಯೆಯಾದ ಅವರು 1930ರ ದಶಕದ ಆರಂಭದಲ್ಲಿ ಉತ್ತರ ಫಿಲಡೆಲ್ಫಿಯಾದ ತಮ್ಮ ಮನೆಯಲ್ಲಿಯೇ ಆಸ್ಪಿರಾಂಟೊ ಎಂಬ ಆರೋಗ್ಯಧಾಮವನ್ನು ತೆರೆದು ಬಡ ತಾಯಂದಿರಿಗೂ ಶಿಶುಗಳಿಗೂ ಚಿಕಿತ್ಸೆ ನೀಡಿದರು. ವರ್ಜೀನಿಯಾ ಅವರ ಸಹೋದರ ರೇಮಂಡ್ ಪೇಸ್ ಅಲೆಕ್ಸಾಂಡರ್ ಅವರನ್ನೇ ಸೇಡಿ ಮುಂದೆ ವಿವಾಹವಾದರು.

1919ರ ಡಿಸೆಂಬರಿನಲ್ಲಿ ಹೋವರ್ಡ್‌ನಲ್ಲಿ ಸಂಘದ ಮೊದಲ ರಾಷ್ಟ್ರೀಯ ಸಮಾವೇಶ ನಡೆದು ಸೇಡಿ ಅಧ್ಯಕ್ಷೆಯಾಗಿ ಆಯ್ಕೆಯಾದರು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ; ಡಾಕ್ಟರೇಟ್ ಅಧ್ಯಯನವೂ ನಡೆದಿತ್ತು. ಅಲ್ಲೊಂದು ಇಲ್ಲೊಂದು ಇದ್ದ ಶಾಖೆಗಳನ್ನು ಒಂದು ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ತಂದದ್ದು ಅವರ ಅವಧಿಯ ಮುಖ್ಯ ಕೆಲಸ. ಪ್ರತಿ ವರ್ಷ ಮೇ ತಿಂಗಳ ಒಂದು ವಾರವನ್ನು ಉನ್ನತ ಶಿಕ್ಷಣದ ಪ್ರಚಾರಕ್ಕೆ ಮೀಸಲಿಡಬೇಕೆಂದು 1920ರ ಸಮಾವೇಶ ನಿರ್ಣಯಿಸಿತು. ಮೇ ಸಪ್ತಾಹವೆಂದು ಹೆಸರಾದ ಈ ಕಾರ್ಯಕ್ರಮವು ಶಾಖೆಗಳ ವಾರ್ಷಿಕ ಚಟುವಟಿಕೆಗಳಲ್ಲಿ ಪ್ರಮುಖವಾಯಿತು. ಕಾಲೇಜಿನ ಮೆಟ್ಟಿಲು ಹತ್ತಿದ ಆಫ್ರಿಕನ್ ಅಮೆರಿಕನ್ ಹುಡುಗಿಯರೇ ವಿರಳವಾಗಿದ್ದ ಕಾಲದಲ್ಲಿ ಇದು ಕೇವಲ ಉತ್ಸವವಾಗಿರಲಿಲ್ಲ.

ಈ ಸಂಘದ ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ಕಾಲೇಜು ಬಿಟ್ಟವರು ತಮ್ಮ ಊರುಗಳಲ್ಲಿ ಪದವೀಧರೆಯರ ಶಾಖೆಗಳಿಗೆ ಸೇರಿ ವಿದ್ಯಾರ್ಥಿವೇತನ, ಸಮಾಜಸೇವೆಗಳಲ್ಲಿ ತೊಡಗಿರುತ್ತಾರೆ. ಸೇಡಿಯವರ ಬಾಳೇ ಇದಕ್ಕೆ ನಿದರ್ಶನ: ಅಧ್ಯಕ್ಷ ಸ್ಥಾನವನ್ನು 1923ರಲ್ಲಿ ಬಿಟ್ಟ ಅವರು ವಕೀಲೆಯಾದ ಮೇಲೆ ದಶಕಗಳ ಕಾಲ ಸಂಘದ ಕಾನೂನು ಸಲಹೆಗಾರ್ತಿಯಾಗಿದ್ದರು.

ಅರ್ಥಶಾಸ್ತ್ರದ ಅಧ್ಯಯನ

ಸೇಡಿಯವರು 1919ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1921ರಲ್ಲಿ ಡಾಕ್ಟರೇಟನ್ನೂ ಪಡೆದರು. ಅದೇ ವರ್ಷ ಜಾರ್ಜಿಯಾನಾ ಸಿಂಪ್ಸನ್ ಮತ್ತು ಈವಾ ಡೈಕ್ಸ್ ಸಹ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯರು ಈ ಮೂವರು. ಸೇಡಿಯವರ ಪ್ರಬಂಧವು ಮೊದಲ ಮಹಾಯುದ್ಧದ ಕಾಲದಲ್ಲಿ ದಕ್ಷಿಣದ ರಾಜ್ಯಗಳಿಂದ ಫಿಲಡೆಲ್ಫಿಯಾಕ್ಕೆ ವಲಸೆ ಬಂದ 100 ಆಫ್ರಿಕನ್ ಅಮೆರಿಕನ್ ಕುಟುಂಬಗಳ ಜೀವನಮಟ್ಟವನ್ನು ಕುರಿತದ್ದು. ಮನೆಮನೆಯ ಆದಾಯ ಮತ್ತು ವೆಚ್ಚಗಳ ವಿವರವನ್ನು ಕಲೆಹಾಕಿ ಬರೆದ ಈ ಕೃತಿ ಇಂದಿಗೂ ಆ ವಲಸೆಯ ಅಧ್ಯಯನಕ್ಕೆ ಉಪಯುಕ್ತ.

ಡಾಕ್ಟರೇಟ್ ಪಡೆದರೂ ಫಿಲಡೆಲ್ಫಿಯಾದಲ್ಲಿ ಅದಕ್ಕೆ ತಕ್ಕ ಕೆಲಸ ಸಿಗಲಿಲ್ಲ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಆಫ್ರಿಕನ್ ಅಮೆರಿಕನ್ನರೇ ನಡೆಸುತ್ತಿದ್ದ ನಾರ್ತ್ ಕೆರೊಲಿನಾ ಮ್ಯೂಚುಯಲ್ ವಿಮಾ ಸಂಸ್ಥೆಯಲ್ಲಿ ಎರಡು ವರ್ಷ ಸಹಾಯಕ ವಿಮಾಗಣಕರಾಗಿ ದುಡಿದರು. 1923ರ ನವೆಂಬರಿನಲ್ಲಿ ರೇಮಂಡ್ ಅವರನ್ನು ವಿವಾಹವಾಗಿ ಫಿಲಡೆಲ್ಫಿಯಾಕ್ಕೆ ಮರಳಿದರು. ಸುಮಾರು ಒಂದು ವರ್ಷ ಗೃಹಿಣಿಯಾಗಿದ್ದು, ಅದು ಒಗ್ಗದೆ, ಕಾನೂನು ಕಾಲೇಜಿಗೆ ಸೇರಿದರು.

ವಕೀಲಿ ವೃತ್ತಿ ಮತ್ತು ನಾಗರಿಕ ಹಕ್ಕುಗಳು

1927ರಲ್ಲಿ ಕಾನೂನು ಪದವಿ ಪಡೆದ ಸೇಡಿ ಪತಿಯ ಕಚೇರಿಯಲ್ಲಿಯೇ ವಕೀಲಿ ಆರಂಭಿಸಿದರು. ಆಸ್ತಿ ಮತ್ತು ಕೌಟುಂಬಿಕ ವ್ಯಾಜ್ಯಗಳು ಅವರ ಮುಖ್ಯ ಕ್ಷೇತ್ರ. ಎರಡು ಅವಧಿಗಳಲ್ಲಿ ಫಿಲಡೆಲ್ಫಿಯಾದ ಸಹಾಯಕ ನಗರ ವಕೀಲೆಯೂ ಆಗಿದ್ದರು. ನಗರದ ಹೋಟೆಲು, ಚಿತ್ರಮಂದಿರಗಳಲ್ಲಿನ ವರ್ಣಭೇದದ ವಿರುದ್ಧ ದಂಪತಿಗಳಿಬ್ಬರೂ ಹೋರಾಡಿದರು. ಸಾರ್ವಜನಿಕ ಸ್ಥಳಗಳಲ್ಲಿ ಭೇದಭಾವವನ್ನು ನಿಷೇಧಿಸಿದ ಪೆನ್ಸಿಲ್ವೇನಿಯಾದ 1935ರ ಕಾಯ್ದೆಯ ಹಿಂದೆ ಅವರ ಶ್ರಮವಿತ್ತು. ಇಬ್ಬರು ಹೆಣ್ಣುಮಕ್ಕಳ ಪಾಲನೆಯೂ ಈ ನಡುವೆಯೇ ಸಾಗಿತು.

1946ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ರಚಿಸಿದ ನಾಗರಿಕ ಹಕ್ಕುಗಳ ಸಮಿತಿಗೆ ಸೇಡಿ ನೇಮಕಗೊಂಡರು. 15 ಸದಸ್ಯರ ಆ ಸಮಿತಿಯಲ್ಲಿ ಮಹಿಳೆಯರು ಇಬ್ಬರೇ. 1947ರಲ್ಲಿ ಸಮಿತಿ ಸಲ್ಲಿಸಿದ ವರದಿ ಸೇನೆಯಲ್ಲಿನ ವರ್ಣವಿಭಜನೆಯನ್ನು ಕೊನೆಗಾಣಿಸಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಟ್ರೂಮನ್ ಆ ಕುರಿತು ಆದೇಶ ಹೊರಡಿಸಿದರು. 1948ರಲ್ಲಿ ನ್ಯಾಷನಲ್ ಅರ್ಬನ್ ಲೀಗ್ ಪ್ರಕಟಿಸಿದ ನೀಗ್ರೋ ಹೀರೋಸ್ ಎಂಬ ಚಿತ್ರಕಥಾ ಪುಸ್ತಕವು ಸೇಡಿಯವರನ್ನು ವರ್ಷದ ಮಹಿಳೆಯೆಂದು ಚಿತ್ರಿಸಿತು. ಈ ಪ್ರಕಟಣೆಗೆ ಡೆಲ್ಟಾ ಸಿಗ್ಮಾ ಥೀಟಾದ ಬೆಂಬಲವೂ ಇತ್ತು.

ಕೊನೆಯ ವರ್ಷಗಳು

ಪತಿ ರೇಮಂಡ್ 1959ರಲ್ಲಿ ನ್ಯಾಯಾಧೀಶರಾದ ಮೇಲೆ ಸೇಡಿ ಸ್ವಂತ ಕಚೇರಿ ತೆರೆದರು. 1974ರಲ್ಲಿ ರೇಮಂಡ್ ನಿಧನರಾದ ನಂತರವೂ ವೃತ್ತಿಯನ್ನು ಬಿಡದೆ, 80 ದಾಟಿದ ಮೇಲಷ್ಟೇ ನಿವೃತ್ತರಾದರು. ಆಲ್ಝೈಮರ್ ಕಾಯಿಲೆಯಿಂದ ಬಳಲುತ್ತಿದ್ದ ಅವರು 1989ರ ನವೆಂಬರ್ 1ರಂದು ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಹಯೋಗದಿಂದ ನಡೆಯುವ ಸಾರ್ವಜನಿಕ ಶಾಲೆಯೊಂದಕ್ಕೆ ಅವರ ಹೆಸರಿಡಲಾಗಿದೆ. ವಕೀಲೆಯಾಗಿ ಗಳಿಸಿದ ಕೀರ್ತಿಯ ಮರೆಯಲ್ಲಿ ಅವರ ಆರ್ಥಿಕ ಚಿಂತನೆಗಳು ಬಹುಕಾಲ ಅಲಕ್ಷಿತವಾಗಿದ್ದವು. ಅರ್ಥಶಾಸ್ತ್ರಜ್ಞೆ ನೀನಾ ಬ್ಯಾಂಕ್ಸ್ ಅವರು ವಿಶ್ವವಿದ್ಯಾಲಯದ ದಾಖಲೆ ಸಂಗ್ರಹದಲ್ಲಿದ್ದ ಸೇಡಿಯವರ ಭಾಷಣಗಳನ್ನೂ ಬರಹಗಳನ್ನೂ ಸಂಪಾದಿಸಿ 2021ರಲ್ಲಿ ಪುಸ್ತಕವಾಗಿ ಹೊರತಂದರು.